ಏನು ನೇತಾಕ್ತೀರ?

ನಮ್ಮಪ್ಪನ ಅಂಗಡಿಯಲ್ಲಿ ಬಟ್ಟೆಗಳು ಯಾವತ್ತೂ ನೇತಾಡುತ್ತಿರಲಿಲ್ಲ. ಮಲಗಿರುತ್ತಿದ್ದವು.

ತಿಪಟೂರಿನಲ್ಲಿ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಅಂಗಡಿ. ಮೂರು ಗೋಡೆಗೂ ಮರದ ರ್‍ಯಾಕು, ಅದರ ತುಂಬ ಮಡಚಿಟ್ಟ ಸೀರೆ, ಪಂಚೆ, ಟವೆಲ್ಲು, ಶರ್ಟ್ ಪೀಸು. ಮುಂದೆ ಬಿಳಿ ಬಟ್ಟೆ ಹೊದಿಸಿದ ಗಾದಿ. ಗಿರಾಕಿಗಳು ಚಪ್ಪಲಿ ಬಿಟ್ಟು ಗಾದಿ ಮೇಲೆ ಕೂತರೆ ಮೇಷ್ಟ್ರು ಒಂದೊಂದೇ ಸೀರೆ ತೆಗೆದು, ಒಂದು ಸಲ ಬೀಸಿ ಬಿಚ್ಚುತ್ತಿದ್ದರು. ಸೀರೆ ಗಾದಿಯ ಮೇಲೆ ಹರಡಿ ಬೀಳುವಾಗ ಸೆರಗು ಸರಿಯಾಗಿ ಗಿರಾಕಿಯ ಮಂಡಿಯ ಹತ್ತಿರವೇ ಬಂದು ನಿಲ್ಲಬೇಕು. ನಿಲ್ಲುತ್ತಿತ್ತು. ಇಪ್ಪತ್ತು ಸೀರೆ ತೆಗೆಸಿ ಏನೂ ತಗೊಳ್ಳದೆ ಎದ್ದು ಹೋದರೂ ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಇಪ್ಪತ್ತನ್ನೂ ಮೊದಲಿನ ಗೆರೆಗೇ ಮಡಚಿ ಇಡುತ್ತಿದ್ದರು.

ಈ ಮೇಷ್ಟ್ರು ಯಾವ ಸ್ಕೂಲಿನವರೂ ಅಲ್ಲ. ನಾನು ಹುಟ್ಟೋದಕ್ಕೆ ಮುಂಚಿನಿಂದ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಎಲ್ಲರ ಲೆಕ್ಕದಲ್ಲೂ ತಪ್ಪು ಹುಡುಕುತ್ತಾರೆ ಅಂತ ಆ ಹೆಸರು ಬಿತ್ತಂತೆ. ಚಿಕ್ಕವಳಿದ್ದಾಗ ನಾನು ಹೋಮ್‌ವರ್ಕ್ ಮಾಡುತ್ತಿದ್ದದ್ದು ಅದೇ ಗಾದಿಯ ಮೂಲೆಯಲ್ಲಿ. ಈಗಲೂ ಅವರಿಗೆ ನಾನು ‘ಪಾಪು’.

ಈ ಪಾಪು ಓದಿ, ಬೆಂಗಳೂರು ಸೇರಿ, ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ‘ಕಸ್ಟಮರ್ ಎಕ್ಸ್‌ಪೀರಿಯೆನ್ಸ್’ ಅನ್ನೋ ಪದ ಕಲಿತಳು. ಒಂದು ವೀಕೆಂಡ್ ಊರಿಗೆ ಹೋದವಳು ಅಪ್ಪನಿಗೆ ಉಪದೇಶ ಮಾಡಿದಳು.

“ಅಪ್ಪ, ಈಗಿನ ಹುಡುಗರು ಕೇಳಿ ತೆಗೆಸಿಕೊಳ್ಳಲ್ಲ. ತಾವೇ ಮುಟ್ಟಿ, ಸರಿಸಿ, ಸೈಜ್ ನೋಡಿ ತಗೋತಾರೆ. ರೆಡಿಮೇಡ್ ಎಲ್ಲ ಹ್ಯಾಂಗರ್‌ಗೆ ಹಾಕಿ ಸ್ಟ್ಯಾಂಡಲ್ಲಿ ನೇತುಹಾಕಿ. ಗಾದಿ ಅರ್ಧ ಕಡಿಮೆ ಮಾಡಿ.”

ಅಪ್ಪ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗೋಡೆಯ ಕಡೆ ನೋಡಿದರು. ನಮ್ಮೂರಲ್ಲಿ ಕೊಬ್ಬರಿ ರೇಟು ಏರಿದರೆ ಬಟ್ಟೆ ವ್ಯಾಪಾರ ಏರುತ್ತೆ, ಇಳಿದರೆ ಇಳಿಯುತ್ತೆ. ಆ ವರ್ಷ ರೇಟು ಬಿದ್ದಿತ್ತು, ಹುಡುಗರು ಬಸ್ ಹತ್ತಿ ತುಮಕೂರಿಗೆ ಹೋಗಿ ಜೀನ್ಸ್ ತರುತ್ತಿದ್ದರು. ಹಾಗಾಗಿ ಅಪ್ಪ “ಆಯ್ತು, ನಿನಗೆ ಗೊತ್ತಿರುತ್ತೆ” ಅಂದರು. ಆ ಮಾತು ಕೇಳಿ ಎಷ್ಟು ಖುಷಿಯಾಗಿತ್ತು ಅಂದರೆ, ಅವತ್ತು ರಾತ್ರಿಯೇ ಮಲಗಿಕೊಂಡು ಮೊಬೈಲಲ್ಲಿ ನಾಲ್ಕು ಸ್ಟ್ಯಾಂಡ್ ಆರ್ಡರ್ ಮಾಡಿದೆ. ಒಂದಕ್ಕೆ 1,299 ರೂಪಾಯಿ. ಐದಡಿ ಉದ್ದ, ಚಕ್ರ ಇದೆ, ಕಪ್ಪು ಪೌಡರ್ ಕೋಟಿಂಗು, ಫೋಟೋದಲ್ಲಿ ಪಕ್ಕದಲ್ಲೊಂದು ಕುಂಡದ ಗಿಡ. ‘ಹೆವಿ ಡ್ಯೂಟಿ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನಾಲ್ಕೂವರೆ ಸ್ಟಾರು.

ಡಬ್ಬಿ ಬಂದ ವಾರ ನಾನೇ ಊರಿಗೆ ಹೋಗಿ ಜೋಡಿಸಿದೆ. ಮೇಲಿನ ಐದಡಿ ಪೈಪು ಒಂದೇ ತುಂಡಾಗಿರಲಿಲ್ಲ. ಎರಡೂವರೆ ಅಡಿಯ ಎರಡು ತುಂಡು, ನಡುವೆ ಸೇರಿಸೋಕೆ ಒಂದು ಪ್ಲಾಸ್ಟಿಕ್ ಕೊಳವೆ. ಡಬ್ಬಿ ಚಿಕ್ಕದಾದರೆ ಕೊರಿಯರ್ ಖರ್ಚು ಕಡಿಮೆ, ಅದಕ್ಕೆ ಹಾಗೆ. ನಾನದನ್ನು ಜಾಣತನ ಅಂದುಕೊಂಡೆ. ಮೇಷ್ಟ್ರು ಬಂದು ಒಂದು ತುದಿ ಹಿಡಿದು ಎರಡೇ ಬೆರಳಲ್ಲಿ ಎತ್ತಿದರು.

“ಹಗುರಾಗೈತಲ್ಲ ಪಾಪು.”

“ಈಗೆಲ್ಲ ಹಂಗೇ ಮೇಷ್ಟ್ರೇ, ಟೆಕ್ನಾಲಜಿ” ಅಂದೆ.

ಅವರು ಮತ್ತೆ ಮಾತಾಡಲಿಲ್ಲ.

ಮೂರು ವಾರ ಎಲ್ಲ ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು, ನನ್ನ ಲೆಕ್ಕಾಚಾರ ಅಷ್ಟರ ಮಟ್ಟಿಗೆ ತಪ್ಪಿರಲಿಲ್ಲ. ಕಾಲೇಜು ಹುಡುಗರು ಒಳಗೆ ಬಂದರು, ಶರ್ಟ್ ಸರಿಸಿ ಸರಿಸಿ ನೋಡಿದರು, ಕೆಲವರು ತಗೊಂಡರು. ಅಪ್ಪ ಫೋನಲ್ಲಿ ‘ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಗೌರಿ ಹಬ್ಬದ ಮುಂಚಿನ ಶನಿವಾರ ಹೊಸ ಜೀನ್ಸ್ ಲಾಟ್ ಬಂತು. ಶರ್ಟ್ ನೇತುಹಾಕಿದ್ದ ಒಂದು ಸ್ಟ್ಯಾಂಡ್ ಖಾಲಿ ಮಾಡಿ ಅದಕ್ಕೆ ಜೀನ್ಸ್ ತುಂಬಿದರು. ಮಧ್ಯಾಹ್ನ ರಷ್. ಒಂದು ಹೆಂಗಸು ಮಗನಿಗೆ ಪ್ಯಾಂಟ್ ನೋಡುತ್ತಿದ್ದರು, ಅವರ ಚಿಕ್ಕ ಮಗಳು ಬಟ್ಟೆಗಳ ಅಡಿಯಲ್ಲಿ ನುಗ್ಗಿ ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ಪೈಪು ನಡುವೆ ಮುರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ, ಪ್ಲಾಸ್ಟಿಕ್ ಒಡೆದ ‘ಟಿಕ್’ ಮಾತ್ರ. ಮೇಷ್ಟ್ರು ಹುಡುಗಿಯನ್ನು ಎಡಗೈಯಲ್ಲಿ ಎಳೆದು ಬಲಗೈ ಅಡ್ಡ ಕೊಟ್ಟರು. ಎರಡೂ ಬದಿಯ ಕಂಬ ಒಳಕ್ಕೆ ಬಿದ್ದವು. ಮಗುವಿಗೆ ಏನೂ ಆಗಲಿಲ್ಲ. ಮೇಷ್ಟ್ರ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಅಪ್ಪ ಅವತ್ತು ಫೋನ್ ಮಾಡಿ “ಏನಿಲ್ಲ, ಒಂದು ಸ್ಟ್ಯಾಂಡು ಬಿತ್ತು” ಅಂದಿದ್ದರು. ಉಳಿದದ್ದು ಅಮ್ಮನಿಂದ ಗೊತ್ತಾಯಿತು, ಎರಡು ದಿನ ಬಿಟ್ಟು.

ಅವತ್ತು ರಾತ್ರಿ ನಾನು ಮಾಡಿದ ಮೊದಲ ಕೆಲಸ ಆ ಡಬ್ಬಿಯ ಫೋಟೋ ತರಿಸಿಕೊಂಡದ್ದು. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: 30 ಕೆಜಿ. ಆಮೇಲೆ ಲೆಕ್ಕ ಹಾಕಿದೆ. ಶರ್ಟ್ ಒಂದಕ್ಕೆ ಕಾಲು ಕೆಜಿ ಹಿಡಿದರೆ 60 ಶರ್ಟಿಗೆ 15 ಕೆಜಿ. ಅದಕ್ಕೇ ಮೂರು ವಾರ ತಡೆದಿತ್ತು. ಜೀನ್ಸ್ ಒಂದಕ್ಕೆ 650 ಗ್ರಾಂ, ಕ್ಲಿಪ್ ಇರುವ ಹ್ಯಾಂಗರ್‌ಗೆ ಇನ್ನೊಂದು 80 ಗ್ರಾಂ. 60 ಜೀನ್ಸಿಗೆ ಹತ್ತಿರ ಹತ್ತಿರ 44 ಕೆಜಿ. ನೋಡೋಕೆ ಎರಡೂ ಒಂದೇ ಥರ, ಐದಡಿ ತುಂಬ ಬಟ್ಟೆ. ಇಂಥ ಎರಡು ಗುಣಾಕಾರ ಆರನೇ ಕ್ಲಾಸಿನ ಹುಡುಗಿ ಮಾಡುತ್ತಾಳೆ. ಅದೇ ಗಾದಿಯ ಮೂಲೆಯಲ್ಲಿ ಕೂತು ನಾನೂ ಮಾಡಿದ್ದೆ, ಮೇಷ್ಟ್ರು ತಿದ್ದಿದ್ದರು.

ಇನ್ನೂ ಬೇಜಾರಾದದ್ದು ಆ ಪ್ಲಾಸ್ಟಿಕ್ ಕೊಳವೆಯ ಬಗ್ಗೆ. ಎರಡು ಕಡೆ ಆಧಾರ ಕೊಟ್ಟು ಉದ್ದಕ್ಕೂ ಭಾರ ಹಾಕಿದ ಪೈಪಿಗೆ ಅತಿ ಹೆಚ್ಚು ಬಾಗುವ ಒತ್ತಡ ಬೀಳೋದು ನಟ್ಟನಡುವೆ. ಸರಿಯಾಗಿ ಅಲ್ಲೇ ಜಾಯಿಂಟು. ಇನ್ನೊಂದು ವಿಷಯ: ಆಧಾರಗಳ ನಡುವಿನ ಉದ್ದ ದುಪ್ಪಟ್ಟು ಮಾಡಿ ಅಷ್ಟೇ ಒತ್ತೊತ್ತಾಗಿ ಬಟ್ಟೆ ಹಾಕಿದರೆ ಪೈಪು ಬಾಗೋದು ಎರಡು ಪಟ್ಟೋ ನಾಲ್ಕು ಪಟ್ಟೋ ಅಲ್ಲ, ಹದಿನಾರು ಪಟ್ಟು. ಅದೇ ನಡುವೆ ಒಂದು ಆಧಾರ ಕೊಟ್ಟುಬಿಟ್ಟರೆ ಬಾಗೋದೇ ಗೊತ್ತಾಗಲ್ಲ.

ಇದನ್ನು ಓದುವಾಗ ನನಗೆ ಅಜ್ಜಿ ಮನೆಯ ಗಳ ನೆನಪಾಯಿತು. ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಒಳಮನೆಯ ಸೂರಿನಿಂದ ಹಗ್ಗ ಇಳಿಬಿಟ್ಟು ಬಿದಿರ ಗಳ ಕಟ್ಟಿರುತ್ತಿದ್ದರು, ಮಡಿಬಟ್ಟೆ ಒಣಗಿಸೋಕೆ. ಕೈಗೆ ಎಟುಕದಷ್ಟು ಎತ್ತರ, ಕೋಲಿನ ತುದಿಯಿಂದ ಎತ್ತಿ ಹಾಕಬೇಕು. ನಮ್ಮಜ್ಜಿಯ ಒಂಬತ್ತು ಗಜದ ಸೀರೆ ಒದ್ದೆಯಾದರೆ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಆ ಗಳದ ಹಗ್ಗಗಳನ್ನು ತಾತ ತುದಿಗೆ ಕಟ್ಟಿರಲಿಲ್ಲ, ತುದಿಯಿಂದ ಒಂದು ಮೊಳ ಒಳಗೆ ಕಟ್ಟಿದ್ದರು. ನಡುವೆ ಮೂರನೇ ಹಗ್ಗ ಬೇರೆ. ಆ ಗಳ ಬಿದ್ದದ್ದು ನಾನು ಯಾವತ್ತೂ ಕೇಳಲಿಲ್ಲ.

ಮುಂದಿನ ವಾರ ಊರಿಗೆ ಹೋದೆ. ಮೇಷ್ಟ್ರ ಮನೆಗೆ ಹಣ್ಣು ಹಾರ್ಲಿಕ್ಸ್ ಹಿಡಿದು ಹೋಗಿ ಹತ್ತು ನಿಮಿಷ ಕೂತೆ. ಅವರ ಹೆಂಡತಿ ಕಾಫಿ ಕೊಟ್ಟರು. ಆಸ್ಪತ್ರೆ ಖರ್ಚು ಅಪ್ಪ ನೋಡಿಕೊಂಡಿದ್ದರು, ಸಂಬಳವೂ ನಿಲ್ಲಿಸಿರಲಿಲ್ಲ. ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ನಾನೂ ‘ಹುಷಾರಾಗಿ ಮೇಷ್ಟ್ರೇ’ ಅಂದೆನೇ ಹೊರತು ‘ತಪ್ಪಾಯ್ತು’ ಅನ್ನೋ ಮಾತು ಬಾಯಿಗೆ ಬಂದು ಬಂದು ವಾಪಸ್ ಹೋಯಿತು.

ಬದಲಿಗೆ, ನಮ್ಮಂಥವರು ಮಾಡುವ ಹಾಗೆ, ಸಮಸ್ಯೆ ಸರಿಮಾಡೋಕೆ ಹೊರಟೆ. ಊರಾಚೆ ಗೇಟು, ಕಿಟಕಿ ಗ್ರಿಲ್ ಮಾಡುವ ಒಂದು ವೆಲ್ಡಿಂಗ್ ಶಾಪಿಗೆ ಹೋದೆ. “ಬಟ್ಟೆ ಸ್ಟ್ಯಾಂಡ್ ಮಾಡಿಕೊಡ್ತೀರಾ, ಐದಡಿ?” ಅಂದೆ. ಆತ ಮುಖದ ಗ್ಲಾಸು ಮೇಲೆತ್ತಿ ಒಂದೇ ಪ್ರಶ್ನೆ ಕೇಳಿದರು.

“ಏನು ನೇತಾಕ್ತೀರ?”

ಆನ್‌ಲೈನಲ್ಲಿ ನನಗೆ ಬಣ್ಣ ಕೇಳಿದ್ದರು, ಪಿನ್‌ಕೋಡ್ ಕೇಳಿದ್ದರು, ಗಿಫ್ಟ್ ರ್‍ಯಾಪ್ ಬೇಕಾ ಅಂತಲೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

ಜೀನ್ಸ್ ಅಂದೆ. ಆತ ಮೂಲೆಯಿಂದ ಎರಡು ಪೈಪ್ ಎಳೆದು ತಂದರು. ನಾನು ಸ್ವಲ್ಪ ಓದಿಕೊಂಡು ಹೋಗಿದ್ದೆನಲ್ಲ, ಜಂಭದಿಂದ “22 ಗೇಜ್ ಹಾಕಿ, 16 ಬೇಡ” ಅಂದೆ. ಅಂಗಡಿಯ ಹುಡುಗ ನಕ್ಕುಬಿಟ್ಟ. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳುವಾಗುತ್ತಂತೆ. 16 ಗೇಜ್ ಅಂದರೆ ಒಂದೂವರೆ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು, 20 ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಪೇಂಟು ಹೊಡೆದ ಮೇಲೆ ಹೊರಗಿನಿಂದ ಎರಡೂ ಒಂದೇ. ಗೊತ್ತಾಗಬೇಕಾದರೆ ತುದಿಯ ಮುಚ್ಚಳ ತೆಗೆದು ಪೈಪಿನ ಬಾಯಿ ನೋಡಬೇಕು, ಇಲ್ಲಾ ಎತ್ತಿ ನೋಡಬೇಕು. ಮೇಷ್ಟ್ರು ಎರಡು ಬೆರಳಲ್ಲಿ ಮಾಡಿದ್ದು ಅದನ್ನೇ.

ಕೊನೆಗೆ ಒಂದೂಕಾಲು ಇಂಚಿನ 16 ಗೇಜ್ ಎಂಎಸ್ ಪೈಪು, ಮೇಲಿನದು ಒಂದೇ ತುಂಡು ಅಂತ ಆಯಿತು. ಒಂದಿಂಚಿಂದ ಒಂದೂಕಾಲಿಗೆ ಹೋದರೆ, ತಗಡಿನ ದಪ್ಪ ಅಷ್ಟೇ ಇದ್ದರೂ, ಪೈಪಿನ ಬಿಗಿ ಹೆಚ್ಚೂಕಮ್ಮಿ ದುಪ್ಪಟ್ಟಾಗುತ್ತೆ. ಕಾಲಿಂಚಿಗೆ ಇಷ್ಟು ಲಾಭ ಇನ್ನೆಲ್ಲೂ ಸಿಗಲ್ಲ. ಅಡಿಪಾಯ ಅಗಲ ಮಾಡಿದರು. ಭಾರವೆಲ್ಲ ಮೇಲಿರುವ ಸ್ಟ್ಯಾಂಡಿಗೆ ಕಾಲು ಕಿರಿದಾದರೆ ಯಾರೋ ಒಂದು ಕಡೆಯಿಂದ ಎಳೆದರೂ ಮಗುಚುತ್ತೆ. ಚಕ್ರ ಬೇಕೇ ಬೇಕಾ ಅಂತ ಕೇಳಿದರು. ಅಂಗಡಿಯಲ್ಲಿ ನಿಂತಲ್ಲೇ ನಿಲ್ಲುವ ಸ್ಟ್ಯಾಂಡಿಗೆ ಚಕ್ರ ಯಾಕೆ ಅಂತ ನನಗೂ ಉತ್ತರ ಹೊಳೆಯಲಿಲ್ಲ. ರಬ್ಬರ್ ಬುಷ್ ಹಾಕಿಸಿದೆ.

ಒಂದಕ್ಕೆ 2,800 ರೂಪಾಯಿ ಅಂದರು. “ಬರೀ ಬಟ್ಟೆ ಸ್ಟ್ಯಾಂಡಿಗೆ ಇಷ್ಟಾಯ್ತಲ್ಲ” ಅಂದೆ, ಬಾಯಿ ಸುಮ್ಮನಿರಬೇಕಲ್ಲ.

“ನೋಡೀಮ್ಮ, ಗೇಟು ತೆಗೆಯಾಕೆ ಮುಚ್ಚಾಕೆ ಅಂತ ಮಾಡುಸ್ತಾರೆ. ಆದ್ರೆ ಮಕ್ಳು ಜೋಕಾಲಿ ಆಡೇ ಆಡ್ತವೆ. ನಾವು ಆ ಮಕ್ಳಿಗೇ ಗೇಟು ಮಾಡೋದು.”

ದುಡ್ಡು ಕೊಟ್ಟು ಬಂದೆ. ಆ ಸ್ಟ್ಯಾಂಡುಗಳು ಇವತ್ತಿಗೂ ಅಂಗಡಿಯಲ್ಲಿವೆ, ನೆಟ್ಟಗೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೇಷ್ಟ್ರು ಕೆಲಸಕ್ಕೆ ಬಂದರು. ಕೈ ಮುಂಚಿನಷ್ಟು ತಿರುಗುತ್ತಿರಲಿಲ್ಲ. ಸೀರೆ ಬೀಸಿ ಬಿಚ್ಚೋಕೆ ಮಣಿಕಟ್ಟು ತಿರುಗಬೇಕು. ಎಡಗೈಯಲ್ಲಿ ಅಭ್ಯಾಸ ಮಾಡಿಕೊಂಡರು, ಆದರೆ ಸೆರಗು ಒಂದು ಗೇಣು ಆಚೆ ಈಚೆ ಬೀಳುತ್ತಿತ್ತು. ಗಿರಾಕಿಗಳಿಗೆ ಅದು ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು.

ದೀಪಾವಳಿಗೆ ಹೋದಾಗ ಅಂಗಡಿ ಮುಚ್ಚುವ ಹೊತ್ತು, ಅಪ್ಪ ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ಮೇಷ್ಟ್ರು ಸ್ಟ್ಯಾಂಡಿನಲ್ಲಿದ್ದ ಹ್ಯಾಂಗರ್‌ಗಳ ಕೊಕ್ಕೆಯನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದರು. ಯಾಕೆ ಅಂದೆ. “ಒಂದೇ ಕಡೆಗಿದ್ರೆ ಹತ್ತು ಒಟ್ಟಿಗೆ ತಬ್ಬಿ ಎತ್ತಬಹುದು ಪಾಪು. ಬೆಂಕಿ ಗಿಂಕಿ ಬಿದ್ರೆ ಒಂದೊಂದೇ ಬಿಡಿಸ್ಕೊಂಡು ಕೂರಾಕಾಯ್ತದಾ?” ಯಾರು ಹೇಳಿಕೊಟ್ಟರು ಅಂದರೆ ಯಾರೂ ಇಲ್ಲ, ಎರಡು ದಿನ ಎತ್ತಿ ಇಳಿಸಿದ ಮೇಲೆ ಹೊಳೆಯಿತಂತೆ. ದೊಡ್ಡ ಶೋರೂಮುಗಳಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

ಆಗ ಹೇಳಿದೆ. “ಮೇಷ್ಟ್ರೇ, ಅವತ್ತು ನಂದೇ ತಪ್ಪು. ನೀವು ಹಗುರ ಅಂದ್ರಿ, ನಾನು ಕೇಳಲಿಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಪೈಪು ಬಾಗಿದ್ದು ಅವತ್ತು ಬೆಳಗ್ಗೇನೇ ನೋಡಿದ್ದೆ ಪಾಪು. ಹೊಟ್ಟೆ ಬಿಟ್ಟಂಗೆ ಬಾಗಿತ್ತು. ಇಳಿಸಾನ ಅನ್ನುಸ್ತು. ನೀನು ಓದಿದೋಳು, ಇಷ್ಟಪಟ್ಟು ತಂದಿದೀಯ. ನಂಗೆ ಇಷ್ಟ ಇಲ್ದೆ ಹಂಗಂತೀನಿ ಅಂದ್ಕೋತೀಯ ಅಂತ ಸುಮ್ನಾದೆ.”

ಅಷ್ಟೇ ಹೇಳಿ ಅವರು ಶಟರ್ ಎಳೆಯೋಕೆ ಹೋದರು. ನಾನೂ ಹೋಗಿ ಇನ್ನೊಂದು ಬದಿ ಹಿಡಿದೆ. ಬಲಗೈಯಲ್ಲಿ ಅವರಿಗೆ ಎಳೆಯೋಕೆ ಆಗುತ್ತಿರಲಿಲ್ಲ.

30 ಕೆಜಿ, ಪ್ಲಾಸ್ಟಿಕ್ ಕೊಳವೆ, ಗೇಜ್ ಎಲ್ಲ ಸೇರಿಸಿ ಆ ಅಪಘಾತಕ್ಕೆ ನಾನೊಂದು ಕಾರಣಪಟ್ಟಿ ಮಾಡಿಟ್ಟುಕೊಂಡಿದ್ದೆ. ಕಬ್ಬಿಣ ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು, ನೋಡಿದವರೂ ಇದ್ದರು. ಅವರು ನನಗೆ ಹೇಳಲಾರದ ಹಾಗೆ ಮಾಡಿಟ್ಟಿದ್ದವಳು ನಾನು. ‘ಟೆಕ್ನಾಲಜಿ ಮೇಷ್ಟ್ರೇ’ ಅಂದದ್ದು ಎರಡೇ ಪದ. ಅದು ಪಟ್ಟಿಯಲ್ಲಿ ಇರಲಿಲ್ಲ.

ಇದಾಗಿ ಎರಡು ವರ್ಷಕ್ಕೆ ನನಗೆ ಕಂಪನಿಯಲ್ಲಿ ವೇರ್‌ಹೌಸ್ ಆಪರೇಷನ್ಸ್‌ಗೆ ಬದಲಾವಣೆ ಆಯಿತು. ನೆಲಮಂಗಲದ ಕಡೆ. ನಾವು ಆಪ್‌ನಲ್ಲಿ ನೋಡುವ ಬಟ್ಟೆಗಳಲ್ಲಿ ಹೆಚ್ಚಿನವು ಅಲ್ಲಿ ಡಬ್ಬಿಯಲ್ಲೇ ಇರುತ್ತವೆ. ಆದರೆ ಸೂಟು, ಜಾಕೆಟ್ಟು, ಗೌನು, ಲೆಹೆಂಗಾಗಳು ಮಡಚಿದರೆ ಕೆಡುತ್ತವೆ ಅಂತ ಹ್ಯಾಂಗರ್‌ನಲ್ಲೇ ಬರುತ್ತವೆ, ಹ್ಯಾಂಗರ್‌ನಲ್ಲೇ ಇರುತ್ತವೆ. ಎರಡು ಅಂತಸ್ತಿನ ಪೈಪುಗಳು, ಕಂಬಗಳನ್ನು ನೆಲಕ್ಕೆ ಬೋಲ್ಟ್ ಮಾಡಿ ನಿಲ್ಲಿಸಿರುತ್ತಾರೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪ್ರತಿ ಸಾಲಿಗೂ ಎಷ್ಟು ಕೆಜಿ ಅಂತ ಬೋರ್ಡು. ಅಲ್ಲಿಂದ ಪ್ಯಾಕಿಂಗಿಗೆ ಸಾಗಿಸೋಕೆ ಚಕ್ರದ ಸ್ಟ್ಯಾಂಡುಗಳು. ಇವುಗಳ ಅಡಿಭಾಗ ಇಂಗ್ಲಿಷಿನ ‘ಝಡ್’ ಅಕ್ಷರದ ಹಾಗಿರುತ್ತೆ. ಖಾಲಿ ಇದ್ದಾಗ ಸೂಪರ್‌ಮಾರ್ಕೆಟ್ಟಿನ ಟ್ರಾಲಿಗಳಂತೆ ಒಂದರೊಳಗೊಂದು ನುಗ್ಗಿಸಿ ಇಡಬಹುದು. ನ್ಯೂಯಾರ್ಕಿನ ಸೆವೆಂತ್ ಅವೆನ್ಯೂ ಸುತ್ತಿನ ಬಟ್ಟೆ ಬೀದಿಗಳ ಹಳೇ ಫೋಟೋಗಳಲ್ಲಿ ಹುಡುಗರು ಕಾರುಗಳ ನಡುವೆ ಬಟ್ಟೆ ತುಂಬಿದ ಇಂಥ ಗಾಡಿಗಳನ್ನು ತಳ್ಳಿಕೊಂಡು ಹೋಗುತ್ತಿರುತ್ತಾರೆ. ನಮ್ಮಲ್ಲಿ ತಳ್ಳುವವರು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು.

ಒಂದು ಹಬ್ಬದ ಸೇಲ್‌ಗೆ ಹೆಚ್ಚುವರಿ 120 ಗಾಡಿ ಬೇಕಿತ್ತು. ಮೂರು ಕೊಟೇಶನ್ ಬಂದವು. ಅತಿ ಕಡಿಮೆಯದಕ್ಕೆ ನಾನು ಸಹಿ ಹಾಕಬೇಕಿತ್ತು. ನನಗೆ ಆ ಕುಂಡದ ಗಿಡದ ಫೋಟೋ ನೆನಪಾಯಿತು. ಮೊದಲು ಒಂದು ಸ್ಯಾಂಪಲ್ ಕಳಿಸಿ ಅಂದೆ. ಬಂತು. ಕ್ಯಾಂಟೀನಿನಿಂದ 25 ಕೆಜಿಯ ನಾಲ್ಕು ಅಕ್ಕಿಮೂಟೆ ತರಿಸಿ ಪೈಪಿನುದ್ದಕ್ಕೂ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೀಳಲಿಲ್ಲ. ಆದರೆ ಬೆಳಗ್ಗೆ ಮೂಟೆ ಇಳಿಸಿದ ಮೇಲೂ ಪೈಪು ಬಾಗಿಯೇ ಇತ್ತು. ಭಾರ ಹಾಕಿದಾಗ ಸ್ವಲ್ಪ ಬಾಗಿ, ತೆಗೆದಾಗ ನೆಟ್ಟಗಾದರೆ ಚಿಂತೆಯಿಲ್ಲ. ತೆಗೆದ ಮೇಲೂ ಹಾಗೇ ಉಳಿದರೆ ಅದರ ಕಥೆ ಶುರುವಾಗಿದೆ ಅಂತ ಅರ್ಥ.

“ಅಷ್ಟು ತೂಕ ಯಾರು ಹಾಕ್ತಾರೆ?” ಅಂದರು ನಮ್ಮ ಬಾಸ್. ಕೆಲಸದ ಲೆಹೆಂಗಾ ಒಂದು ನಾಲ್ಕೂವರೆ ಕೆಜಿ ತೂಗುತ್ತೆ, ಇಪ್ಪತ್ತು ಹಾಕಿದರೆ 90 ಅಂತ ತೋರಿಸಿದೆ. ಆರ್ಡರ್ ಬದಲಾಯಿತು, ಎಂಟು ದಿನ ತಡವಾಯಿತು, ವರ್ಷದ ಕೊನೆಯ ರಿವ್ಯೂನಲ್ಲಿ ‘ನಿರ್ಧಾರ ತೆಗೆದುಕೊಳ್ಳುವಲ್ಲಿ ವೇಗ ಸಾಲದು’ ಅಂತ ಒಂದು ಸಾಲು ಬಂತು. ಇರಲಿ.

ಆದರೆ ಹೊಸ ಗಾಡಿ ಬರೋವರೆಗೆ ಹಳೆಯವೇ ಓಡಬೇಕಿತ್ತಲ್ಲ. ಒಂದು ರಾತ್ರಿ ಶಿಫ್ಟಿಗೆ ಹೋಗಿ, ಊಟದ ಬಿಡುವಿನಲ್ಲಿ ಹೆಣ್ಣುಮಕ್ಕಳ ಜೊತೆ ಕೂತು ಕೇಳಿದೆ: “ಯಾವುದಾದರೂ ಗಾಡಿ ತೊಂದರೆ ಕೊಡ್ತಿದೆಯಾ?”

“ಇಲ್ಲ ಮೇಡಂ, ಎಲ್ಲ ಚೆನ್ನಾಗೈತೆ.”

ಮೇಷ್ಟ್ರು ಗೋಡೆಯ ಕಡೆ ನೋಡಿದ್ದರಲ್ಲ, ಅದೇ ನೋಟ. ನಾನು ಬಾಕ್ಸಿನಿಂದ ಚಪಾತಿ ತೆಗೆದು, ನಮ್ಮಪ್ಪನ ಅಂಗಡಿ, 1,299 ರೂಪಾಯಿ ಸ್ಟ್ಯಾಂಡು, ಟೆಕ್ನಾಲಜಿ ಅಂದದ್ದು, ಮುರಿದ ಕೈ ಎಲ್ಲ ಹೇಳಿದೆ. 22 ಗೇಜಿನ ಕಥೆಗೆ ಅವರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಅವರಲ್ಲೇ ಹಿರಿಯಕ್ಕ ಒಬ್ಬರು ಕೈ ತೊಳೆದುಕೊಂಡು ಬಂದು, “ಬನ್ನಿ ಮೇಡಂ” ಅಂದರು.

ಏಳು ಗಾಡಿ ತೋರಿಸಿದರು. ಎರಡರ ಪೈಪು ಬಾಗಿತ್ತು. ಮೂರರ ಚಕ್ರಗಳಲ್ಲಿ ದಾರ, ಕೂದಲು ಸುತ್ತಿಕೊಂಡು ತಿರುಗುತ್ತಿರಲಿಲ್ಲ, ನೆಲದ ಸಂದಿಗೆ ಸಿಕ್ಕಿದರೆ ಗಾಡಿ ಮುಂದಕ್ಕೆ ಮುಗ್ಗರಿಸುತ್ತಿತ್ತು. ಒಂದರ ಬ್ರೇಕು ಹಿಡಿಯುತ್ತಿರಲಿಲ್ಲ. ಕೊನೆಯದರ ಬೆಸುಗೆ ಬಿರುಕು ಬಿಟ್ಟಿತ್ತು, ಅದಕ್ಕೆ ಅವರೇ ಪ್ಯಾಕಿಂಗ್ ಟೇಪ್ ಸುತ್ತಿದ್ದರು. ಎಷ್ಟು ದಿನ ಆಯಿತು ಅಂದೆ. “ಯುಗಾದಿಯಿಂದ” ಅಂದರು.

ಈಗ ಅಲ್ಲಿ ಬಾಗಿಲ ಬಳಿ ಕೆಂಪು ಪ್ಲಾಸ್ಟಿಕ್ ಟೇಪಿನ ಉಂಡೆಯೊಂದು ನೇತುಹಾಕಿದ್ದೇವೆ. ಯಾರಿಗಾದರೂ ಅನುಮಾನ ಬಂದರೆ ಗಾಡಿಗೆ ಒಂದು ತುಂಡು ಕಟ್ಟಿ ಮೂಲೆಗೆ ತಳ್ಳಬಹುದು. ಯಾರು ಕಟ್ಟಿದ್ದು, ಯಾಕೆ ಅಂತ ಕೇಳುವ ಹಾಗಿಲ್ಲ. ಕೆಲವು ಸಲ ಏನೂ ಆಗದ ಗಾಡಿಗೂ ಕಟ್ಟಿರುತ್ತಾರೆ. ಕಟ್ಟಲಿ.

ಮೊನ್ನೆ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಪಕ್ಕದಲ್ಲೇ ಇದ್ದ ಮೇಷ್ಟ್ರಿಗೆ ಅವರು ಅಲ್ಲಿಂದಲ್ಲೇ ವರದಿ ಒಪ್ಪಿಸಿದರು. ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು: “120 ಗಾಡಿಗೆ ಎಷ್ಟು ರೇಟ್ ಹಾಕವ್ರೆ ಕೇಳಿ ಯಜಮಾನ್ರೇ, ಲೆಕ್ಕ ನಾನೊಂದ್ಸಲ ನೋಡ್ತೀನಿ.”

ಕಳಿಸಿದೆ. ಜಿಎಸ್‌ಟಿ ಕೂಡಿಸಿದ್ದರಲ್ಲಿ ಒಂದು ತಪ್ಪು ಸಿಕ್ಕಿತು.